ಅಂಜುಬಳೆ

ಕೈಗೆ ಹೆದರಿಕೆಯಾಗುವುದು ಮನಸ್ಸಿಗಿಂತ ಮೊದಲು. ಮೇಲಿನಿಂದ ಏನೋ ಇಳಿಯುತ್ತಿದೆ ಎಂದು ಕಣ್ಣಿನ ಅಂಚಿಗೆ ಕಂಡ ಕೂಡಲೇ ಮೊಣಕೈ ಕೆಳಗಿನ ಸ್ನಾಯು ಬಿಗಿದಿರುತ್ತದೆ. 'ಅಯ್ಯೋ' ಎಂದು ನಾವು ಅಂದುಕೊಳ್ಳುವುದು ಆಮೇಲೆ. ನಡುವಿನ ಆ ಹೊತ್ತು ಒಂದು ರೆಪ್ಪೆ ಬಡಿಯುವಷ್ಟೂ ಇಲ್ಲ. ಅಷ್ಟರೊಳಗೆ ಯಂತ್ರವನ್ನು ಹಿಡಿದು ನಿಲ್ಲಿಸಿಬಿಟ್ಟರೆ?

ಧಾರವಾಡದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅನಘಾ ಇನಾಮದಾರ ಎಂಬಾಕೆ ಈ ಒಂದೇ ಪ್ರಶ್ನೆ ಹಿಡಿದುಕೊಂಡು ಆರು ವರ್ಷ ಕೂತಳು. ಕೊನೆಗೆ ಹೊರಬಂದದ್ದು ಬೂದು ಬಣ್ಣದ ರಬ್ಬರಿನ ಒಂದು ಬಳೆ. ಒಳಮೈಯಲ್ಲಿ ನಾಲ್ಕಾಣೆಯಷ್ಟಗಲದ ಮೂರು ಲೋಹದ ಬಿಲ್ಲೆಗಳು. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಅದನ್ನು ಕಟ್ಟಿಕೊಂಡರೆ, ಸ್ನಾಯು ಬಿಗಿಯುವಾಗ ಹುಟ್ಟುವ ಸಣ್ಣ ವಿದ್ಯುತ್ತು ಆ ಬಿಲ್ಲೆಗಳಿಗೆ ತಿಳಿಯುತ್ತದೆ. ಕೆಲಸದ ಬಿಗಿತ ಬೇರೆ, ಬೆಚ್ಚಿದ ಬಿಗಿತ ಬೇರೆ. ಬೆಚ್ಚಿದ್ದು ಗೊತ್ತಾದೊಡನೆ ಬಳೆಯಿಂದ ಪ್ರೆಸ್ಸಿಗೆ ಸುದ್ದಿ ಹೋಗಿ ಬ್ರೇಕು ಬೀಳುತ್ತದೆ. ಅರವತ್ತು ಟನ್ನಿನ ಭಾರದಲ್ಲಿ ಇಳಿಯುತ್ತಿದ್ದ ಮೇಲಿನ ಅಚ್ಚು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ.

ಕಾಗದಪತ್ರದಲ್ಲಿ ಅದರ ಹೆಸರು ಹಸ್ತರಕ್ಷಕ. ಹುಬ್ಬಳ್ಳಿಯ ಹೊರವಲಯದಲ್ಲಿ ಪಂಪಿನ ಮೋಟಾರುಗಳಿಗೆ ತಗಡಿನ ಮುಚ್ಚಳ ಒತ್ತುವ ಒಂದು ಕಾರ್ಖಾನೆಗೆ ಅದು ಮೊದಲು ಬಂತು. ಅಲ್ಲಿನ ಹನ್ನೊಂದು ಪ್ರೆಸ್ಸುಗಳ ಹನ್ನೊಂದು ಹೆಂಗಸರು ಅದೇ ದಿನ ಅದಕ್ಕೆ ಅಂಜುಬಳೆ ಎಂದು ಹೆಸರಿಟ್ಟರು.

ಬಳೆಗಳ ಹೊಣೆ ತಂಗೆವ್ವನಿಗೆ ಬಿತ್ತು. ಇಪ್ಪತ್ತೇಳು ವರ್ಷ ಪ್ರೆಸ್ಸಿನ ಮುಂದೆ ನಿಂತು, ಎಡಗೈಯ ತೋರುಬೆರಳು ನಡುಬೆರಳು ಎರಡನ್ನೂ ಕಳೆದುಕೊಂಡವಳು ಆಕೆ. ಆ ಕಾಲದಲ್ಲಿ ಪ್ರೆಸ್ಸಿಗೆ ಎರಡು ಬಟನ್ ಇದ್ದವು. ಎರಡೂ ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು, ಹಾಗಾದರೆ ಕೈಗಳೆರಡೂ ಹೊರಗೇ ಇರುತ್ತವೆ ಎಂಬುದು ಮಾಡಿದವರ ಆಲೋಚನೆ. ಆದರೆ ಒಂದು ಕೈಯಿಂದ ತಗಡು ಇಡುತ್ತ ಇನ್ನೊಂದರಿಂದ ಒತ್ತಿದರೆ ತಾಸಿಗೆ ನೂರು ಮುಚ್ಚಳ ಹೆಚ್ಚು ಬೀಳುತ್ತಿದ್ದವು. ಅದಕ್ಕೇ ಒಂದು ಬಟನ್ನಿಗೆ ಸೈಕಲ್ ಟ್ಯೂಬಿನ ರಬ್ಬರು ಬಿಗಿದು ಅದುಮಿಡುತ್ತಿದ್ದರು. ರಬ್ಬರು ತಂದುಕೊಡುತ್ತಿದ್ದವನು ಸೂಪರ್‌ವೈಸರನೇ. ಬೆರಳು ಹೋದ ದಿನ ಮಾತ್ರ ಆ ರಬ್ಬರು ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಬಳೆ ಬಂದ ಮೇಲೆ ಬಟನ್ನುಗಳು ಹೋಗಿ ಅಚ್ಚು ತಾನಾಗಿಯೇ ಇಳಿಯತೊಡಗಿತು; ಆದರೂ ನಾಲ್ಕು ತಿಂಗಳು ಒಬ್ಬರ ಉಗುರೂ ಮುರಿಯಲಿಲ್ಲ. ತಂಗೆವ್ವನಿಗೆ ಅದನ್ನು ನಂಬುವುದಕ್ಕೇ ಎರಡು ತಿಂಗಳು ಬೇಕಾಯಿತು. ದಿನಾ ಬೆಳಿಗ್ಗೆ ಹೆಂಗಸರನ್ನು ಉದ್ದನೆಯ ಬೆಂಚಿನ ಮೇಲೆ ಕೂರಿಸಿ ಬಳೆ ಕಟ್ಟುವಳು. ಎದುರಿನ ಹಲಗೆಯ ಮೇಲೆ ಅಂಗೈ ಬಿಚ್ಚಿಟ್ಟು ಎಲ್ಲರೂ ಐದು ನಿಮಿಷ ಸುಮ್ಮನೆ ಕೂರಬೇಕು. ಒಬ್ಬೊಬ್ಬರ ಮೈ ಒಂದೊಂದು ಥರ. ಸುಮ್ಮನಿದ್ದಾಗ ಈಕೆಯ ಸ್ನಾಯು ಎಷ್ಟು ಬಿಗಿದಿರುತ್ತದೆ ಎಂದು ಬಳೆ ಆ ಐದು ನಿಮಿಷದಲ್ಲಿ ಕಲಿಯುತ್ತದೆ. ಅದಕ್ಕಿಂತ ಇಷ್ಟು ಮೇಲೆ ಹೋದರೆ ಹೆದರಿಕೆ ಎಂದು ಲೆಕ್ಕ ಹಿಡಿಯುತ್ತದೆ. ಇದಕ್ಕೆ ತಾಳೆ ಎನ್ನುತ್ತಿದ್ದರು.

ಐದನೆಯ ತಿಂಗಳು ಬಾಗಿಲ ಮೇಲೆ ಬೋರ್ಡು ಬಂತು.

ಒಂದು ಸಲ ನಿಂತ ಪ್ರೆಸ್ಸು ಮತ್ತೆ ಹೊರಡಲು ನಲವತ್ತು ಸೆಕೆಂಡು ಬೇಕು. ಯಾರ ಬಳೆ ಎಷ್ಟು ಸಲ ನಿಲ್ಲಿಸಿತು ಎಂಬ ಅಂಕಿ ಹೇಗೂ ಕಂಪ್ಯೂಟರಿನಲ್ಲಿ ಇತ್ತು. ಇದ್ದ ಅಂಕಿಯನ್ನು ಸುಮ್ಮನೆ ಬಿಡಲು ಯಾರಿಗೂ ಮನಸ್ಸಾಗಲಿಲ್ಲ. ಹೆಸರು, ಮುಂದೆ ನಿಲುಗಡೆಯ ಸಂಖ್ಯೆ, ಅದರ ಹಿಂದೆ ಹಸಿರು, ಹಳದಿ, ಕೆಂಪು ಬಣ್ಣ. ಮೂರು ದಿನ ಸತತ ಕೆಂಪು ಬಂದವರು ಪ್ಯಾಕಿಂಗಿಗೆ. ಪ್ಯಾಕಿಂಗ್ ಗುತ್ತಿಗೆಯ ಕೆಲಸ, ಗೇಟ್ ಪಾಸನ್ನು ತಿಂಗಳು ತಿಂಗಳಿಗೆ ಹೊಸದಾಗಿ ಬೇಡಬೇಕು. ಪ್ರೆಸ್ಸಿನ ಮೇಲೆ ಒಂದು ವರ್ಷ ತುಂಬಿಸಿದವರಿಗಷ್ಟೇ ನೌಕರಿ ಕಾಯಂ.

ತಂಗೆವ್ವನ ಸೊಸೆ ನೀಲವ್ವನಿಗೆ ವರ್ಷ ತುಂಬಲು ಇನ್ನು ಮೂರು ತಿಂಗಳಿತ್ತು.

"ಇವತ್ತೆಷ್ಟು?" ಸಂಜೆ ಮೆಂತ್ಯಪಲ್ಲೆ ಸೋಸುತ್ತ ತಂಗೆವ್ವ ಕೇಳಿದಳು.

ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. "ಮೂವತ್ತೊಂದು. ನನ್ನ ಯಾಕ ಕೇಳ್ತೀರಿ ಅತ್ತಿ? ಬೋರ್ಡ್ ಮ್ಯಾಲ ಇಡೀ ಊರಿಗೆ ಕಾಣ್ಸತೈತಿ."

"ಅಷ್ಟ್ಯಾಕ ಅಂಜತಿ?"

"ನಾ ಎಲ್ಲಿ ಅಂಜತೀನ್ರಿ? ಗುಬ್ಬಿ ಹಾರಿದ್ರ ನಿಂದರತೈತಿ. ಹಿಂದ ಯಾರರೆ ಟ್ರಾಲಿ ಬಡದ್ರ ನಿಂದರತೈತಿ. ನಿಮ್ಮ ಮಗನ ಫೋನ್ ಬಂದು ಸೊಂಟದಾಗ ಗುರ್ ಅಂದ್ರೂ ನಿಂದರತೈತಿ."

"ಅಂವಾ ಫೋನ್ ಮಾಡಿದ್ರ ಅಂಜೂದು ಬರೋಬ್ಬರಿ ಐತಿ ಬಿಡು," ಎಂದಳು ತಂಗೆವ್ವ. ಮಗ ಲಾರಿಯಲ್ಲಿ ಗೋವಾ ಕಡೆ ಓಡಾಡುವವನು, ಫೋನ್ ಮಾಡಿದರೆ ಟಯರ್ ಒಡೆದಿದೆ ಎಂದೇ ಅರ್ಥ.

ನೀಲವ್ವ ನಕ್ಕು, ಸುಡುಸುಡು ಹಂಚಿನ ಮೇಲಿನ ರೊಟ್ಟಿಯನ್ನು ಬರಿ ಬೆರಳಿನಲ್ಲಿ ಎತ್ತಿ ತಿರುವಿ ಹಾಕಿದಳು.

"ಅಲಾ, ಹಂಚಿಗೆ ಅಂಜೂದಿಲ್ಲ ನೀನು."

"ಹಂಚಿಗೆ ಬೋರ್ಡಿಲ್ಲಲ್ರಿ."

ಅದೇ ವಾರ ನೀಲವ್ವನಿಗೆ ಹಲ್ಲುನೋವು ಬಂತು. ದವಡೆಗೆ ಲವಂಗ ಒತ್ತಿಕೊಂಡು, ಮೈಯೆಲ್ಲ ಸೆಟೆದುಕೊಂಡೇ ತಾಳೆಗೆ ಕೂತಳು. ಆ ದಿನ ಅವಳ ಪ್ರೆಸ್ಸು ನಿಂತದ್ದು ಎರಡೇ ಸಲ. ತಂಗೆವ್ವ ಮನೆಗೆ ಬಂದು ಅದನ್ನೇ ಯೋಚಿಸಿದಳು. ಅವಳಿಗೆ ಬಳೆಯ ಒಳಗಿನ ವಿದ್ಯೆ ಗೊತ್ತಿರಲಿಲ್ಲ, ಆದರೆ ತಕ್ಕಡಿ ಗೊತ್ತಿತ್ತು. ಮೊದಲೇ ಒಂದು ಕಡೆ ಕಲ್ಲಿಟ್ಟರೆ ಆಮೇಲೆ ಎಷ್ಟು ಹಾಕಿದರೂ ಮುಳ್ಳು ಬೇಗ ಏಳುವುದಿಲ್ಲ. ಐದು ನಿಮಿಷ ಮೈ ಬಿಗಿಹಿಡಿದು ಕೂತರೆ, ಈಕೆ ಹುಟ್ಟಾ ಹೀಗೇ ಎಂದು ಬಳೆ ತಿಳಿಯುತ್ತದೆ. ಆಮೇಲೆ ಸಣ್ಣಪುಟ್ಟ ಹೆದರಿಕೆ ಅದಕ್ಕೆ ಕೇಳಿಸುವುದಿಲ್ಲ.

ಅಂಗೈ ಮಡಚುವಂತಿಲ್ಲ, ಅದರ ಒತ್ತಡ ಕಡಿಮೆಯಾದರೆ ಹಲಗೆಗೆ ಗೊತ್ತಾಗುತ್ತದೆ. ಹಾಗಾದರೆ ಕಾಲು? ಬೆಂಚಿನ ಕಾಲಿಗೆ ಹಿಮ್ಮಡಿಯನ್ನು ಬಲವಾಗಿ ಒತ್ತಿ, ತುಟಿ ಮುಚ್ಚಿ ಹಲ್ಲು ಕಚ್ಚಿದರೆ ಬಿಗಿತ ಮೇಲಕ್ಕೇರಿ ಮೊಣಕೈವರೆಗೂ ಬರುತ್ತದೆ. ಮನೆಯ ಪಡಸಾಲೆಯಲ್ಲಿ ಸೊಸೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಅವಳ ಮುಂಗೈ ಮುಟ್ಟಿ ನೋಡುತ್ತ ಕಲಿಸಿದಳು.

"ಇದು ಖೊಟ್ಟಿ ಕೆಲಸ ಅಲ್ಲೇನ್ರಿ ಅತ್ತಿ?"

"ಗುಬ್ಬಿಗೆ ನಿಂದರೂದು ತಪ್ಪಿದ್ರ ಸಾಕವಾ. ಅಚ್ಚು ಬರೂದು ಕಂಡ್ರ ಹೆಂಗೂ ಜೋರಾಗೇ ಅಂಜತಿ. ಅದು ಕೇಳಿಸತೈತಿ ಅದಕ್ಕ."

ಹಾಗೆಂದು ಅವಳು ನಂಬಿದ್ದಳು.

ನೀಲವ್ವನ ಹೆಸರು ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಇಳಿಯಿತು. ಏಳನೆಯ ಪ್ರೆಸ್ಸಿನ ಶಮೀಮ್‌ಬಾನು ಎರಡು ದಿನ ಅವಳ ಪಾದವನ್ನೇ ನೋಡಿದಳು. ಮೂರನೆಯ ದಿನ ಬಳೆ ಕಟ್ಟಿಸಿಕೊಳ್ಳುವಾಗ ತಂಗೆವ್ವನ ಕಿವಿಯಲ್ಲಿ, "ತಂಗೆಕ್ಕಾ, ಸೊಸಿಗೆ ಬೆಣ್ಣಿ, ನಮಗ ಬರೇ ಮಜ್ಜಿಗಿ ಏನು?" ಎಂದಳು. ತಂಗೆವ್ವ ಅವಳಿಗೂ ಕಲಿಸಿದಳು. ಹದಿನೈದು ದಿನದಲ್ಲಿ ಹನ್ನೊಂದು ಜೋಡಿ ಹಿಮ್ಮಡಿಗಳೂ ಬೆಂಚಿನ ಕಾಲಿಗೆ ಅಂಟಿಕೊಂಡವು.

ಬೋರ್ಡು ಪೂರ್ತಿ ಹಸಿರಾದ ದಿನ ಶಾಪ್ ಮ್ಯಾನೇಜರ್ ಕಡಪಟ್ಟಿ ಎಲ್ಲರಿಗೂ ಪೇಡೆ ಹಂಚಿದ. "ನಮ್ಮ ಹೆಣ್ಮಕ್ಕಳು ಧೈರ್ಯ ಕಲ್ತಾರ್ ನೋಡ್ರಿ," ಎಂದು ಫೋನಿನಲ್ಲಿ ಯಾರಿಗೋ ಹೇಳಿದ. ಅನಘಾ ಧಾರವಾಡದಿಂದ ಬಂದು, ಬಳೆಗಳು ಪರದೆಯ ಮೇಲೆ ಬರೆಯುವ ರೇಖೆಗಳ ಚಿತ್ರ ತೆಗೆದುಕೊಂಡು ಹೋದಳು.

ಪೇಡೆ ತಿಂದ ಮರುದಿನವೇ ತಂಗೆವ್ವ ಅದನ್ನು ನೋಡಿದಳು. ನೀಲವ್ವ ಓರೆಯಾದ ತಗಡನ್ನು ಸರಿಪಡಿಸಲು ಕೈ ಒಳಗಿಟ್ಟಿದ್ದಳು. ಅಚ್ಚು ಇಳಿಯಿತು. ಕೈ ಹೊರಬಂತು. ಅಚ್ಚು ನಿಲ್ಲಲೇ ಇಲ್ಲ. ಧಡ್ ಎಂದು ಕೆಳಗೆ ಕೂತಿತು. ಕೈಗೂ ಅದಕ್ಕೂ ನಡುವೆ ಒಂದು ರೊಟ್ಟಿಯಷ್ಟು ದಪ್ಪದ ಗಾಳಿ ಇತ್ತು. ನೀಲವ್ವ ಬೆರಳನ್ನೊಮ್ಮೆ ನೋಡಿಕೊಂಡು, ಪಕ್ಕದವಳತ್ತ ತಿರುಗಿ ಹುಬ್ಬು ಹಾರಿಸಿ ನಕ್ಕಳು. ತಂಗೆವ್ವ ನೆಟ್ಟಗೆ ಮಹಡಿ ಹತ್ತಿದಳು.

ಮಹಡಿಯ ಮೇಲೆ ಗಾಜಿನ ಕೋಣೆಯಿತ್ತು. ಗೋಡೆಯ ಪರದೆಯ ಮೇಲೆ ಹನ್ನೊಂದು ರೇಖೆಗಳು ಸಾಲಾಗಿ ಹರಿಯುತ್ತಿದ್ದವು, ಗಾಳಿಯಿಲ್ಲದ ದಿನದ ಕೆರೆಯ ಹಾಗೆ. ಕಡಪಟ್ಟಿ ಚಹಾ ಕುಡಿಯುತ್ತಿದ್ದ.

"ಸಾಹೇಬ್ರ, ಆ ಬೋರ್ಡ್ ತಗದು ಬಿಡ್ರಿ."

"ಯಾಕವಾ? ಎಷ್ಟ್ ಚಂದ ಹಸರು ಉರಿಯಾಕತ್ತೈತಿ."

"ಬೋರ್ಡಿಗೆ ಅಂಜಿ ಬಳೀನ ಕಿವುಡು ಮಾಡ್ಯಾರ್ರಿ. ಹ್ಯಾಂಗ ಅಂತ ಕೇಳಬ್ಯಾಡ್ರಿ. ಬೋರ್ಡ್ ತಗದ್ರಿ ಅಂದ್ರ ನಾಳಿಂದ ಬರೋಬ್ಬರಿ ಆಕ್ಕೈತಿ."

"ನಂದಲ್ಲವಾ ಬೋರ್ಡು. ಸಾಫ್ಟ್‌ವೇರ್‌ನಾಗ ಬಂದಿದ್ದದು. ನಾ ಹ್ಯಾಂಗ ತಗೀಲಿ?"

"ಮತ್ತ ಯಾರ್ದರಿ?"

"ಕಾಲೇಜಿನವ್ರನ್ನ ಕೇಳು. ಬಳಿ ಅವರದು, ಲೆಕ್ಕಾನೂ ಅವರದ."

ವಾರದ ರಜೆಯ ದಿನ ತಂಗೆವ್ವ ಬಸ್ಸು ಹಿಡಿದು ಧಾರವಾಡಕ್ಕೆ ಹೋದಳು. ಪ್ರಯೋಗಾಲಯದಲ್ಲಿ ಬಿಳಿ ಮೇಜುಗಳು, ಬಳೆ ತೊಟ್ಟ ಕಾಲೇಜು ಹುಡುಗಿಯರು. ಒಬ್ಬಾಕೆ ಮುಂದೆ ಕೈಚಾಚಿ ಕೂತಿದ್ದರೆ ಇನ್ನೊಬ್ಬಾಕೆ ಹಿಂದೆ ನಿಂತು ಬಲೂನು ಒಡೆಯುತ್ತಿದ್ದಳು. ಪ್ರತಿ ಸಲ ಪುಟ್ಟ ಗೊಂಬೆ ಪ್ರೆಸ್ಸೊಂದು ಟಕ್ಕೆಂದು ನಿಲ್ಲುತ್ತಿತ್ತು, ಅವರು ಕಿಲಕಿಲ ನಗುತ್ತಿದ್ದರು. ಈ ನಗುವ ಕೈಗಳಿಂದಲೇ ಬಳೆ ಹೆದರಿಕೆ ಎಂದರೇನೆಂದು ಕಲಿತಿತ್ತು.

ಅನಘಾ ಅವಳನ್ನು ಕೂರಿಸಿ ನೀರು ಕೊಟ್ಟಳು. ತಂಗೆವ್ವ ಈ ಸಲ ಎಲ್ಲವನ್ನೂ ಹೇಳಿದಳು. ಲವಂಗ, ಹಿಮ್ಮಡಿ, ರೊಟ್ಟಿಯಷ್ಟು ದಪ್ಪದ ಗಾಳಿ. ಅನಘಾಳ ಮುಖ ಸಣ್ಣದಾಯಿತು.

"ಬೋರ್ಡು ನಮ್ಮದಲ್ಲ ಅವ್ವಾರ. ನಾವು ನಿಲ್ಲಿಸೂದಷ್ಟ ಮಾಡಿದ್ವಿ. ಎಣಸ್ರಿ ಅಂತ ನಾವೆಲ್ಲಿ ಹೇಳೇವಿ? ಅದು ಸಾಫ್ಟ್‌ವೇರ್ ಕಂಪನೀದು. ಅವ್ರನ್ನ ಕೇಳಿದ್ರ, ಕಾರ್ಖಾನೆಯವ್ರು ಕೇಳ್ಯಾರ ಅದಕ್ಕ ಕೊಟ್ಟೇವಿ ಅಂತಾರ."

"ಕಾರ್ಖಾನೆಯವ್ರು ನಿಮ್ಮ ಕಡೆ ಕಳಿಸ್ಯಾರ."

ಅನಘಾ ಪೆನ್ನಿಗೆ ಮುಚ್ಚಳ ಹಾಕಿದಳು. "ನೀವು ಹೇಳಿದ್ದನ್ನ ನಾ ಬರದ್ರ ಹನ್ನೊಂದು ಮಂದಿಗೂ ನೋಟೀಸ್ ಬರ್ತದ. ಬರೀಲಿಕ್ಕಿಲ್ಲ. ಬ್ಯಾರೆ ದಾರಿ ಅದ. ಐದು ನಿಮಿಷದ ತಾಳೆ ನಂಬೂದು ಬಿಟ್ಟು, ದಿನಾಪೂರ್ತಿ ಅಳೀತೇವಿ. ದಿನಾಪೂರ್ತಿ ಯಾರು ಹಿಮ್ಮಡಿ ಒತ್ತತಾರ?"

"ಬಾಯಾರ, ನಿಮಗ ನಮ್ಮ ಮಂದಿ ಗೊತ್ತಿಲ್ಲ," ಎಂದಳು ತಂಗೆವ್ವ.

ಒತ್ತಿದರು. ದಿನಾಪೂರ್ತಿ ಒತ್ತಿದರು. ಕೂತು ಒತ್ತುತ್ತಿದ್ದ ಬಿಗಿತವನ್ನು ಈಗ ನಿಂತು ಹಿಡಿದರು, ಎಂಟು ತಾಸು, ಹಲ್ಲು ಕಚ್ಚಿಕೊಂಡು. ಮೊದಲ ವಾರ ಬೋರ್ಡಿನಲ್ಲಿ ಹಳದಿ ಬಂತು, ಎರಡನೆಯ ವಾರ ಮತ್ತೆ ಹಸಿರು. ಮಾತು ನಿಂತಿತು, ಹಾಡು ನಿಂತಿತು. ಶಮೀಮ್‌ಬಾನುವಿನ ತಮಾಷೆಯೂ ಊಟದ ಹೊತ್ತಿಗಷ್ಟೇ ಉಳಿಯಿತು. ಸಂಜೆ ಕೈ ತೊಳೆಯುವ ನಲ್ಲಿಯ ಹತ್ತಿರ ಒಬ್ಬರ ಮುಂಗೈಯನ್ನು ಇನ್ನೊಬ್ಬರು ತಿಕ್ಕುತ್ತ ನಿಲ್ಲುವುದು ವಾಡಿಕೆಯಾಯಿತು.

ಮನೆಯಲ್ಲಿ ನೀಲವ್ವನಿಗೆ ರೊಟ್ಟಿ ಬಡಿಯಲಾಗಲಿಲ್ಲ. ಕೈ ಎತ್ತಿದರೆ ನಡುಗಿ, ರೊಟ್ಟಿಯ ಅಂಚು ಹರಿದುಹೋಗುತ್ತಿತ್ತು. ತಂಗೆವ್ವ ಹಿಟ್ಟನ್ನು ತನ್ನ ಕಡೆ ಎಳೆದುಕೊಂಡಳು. ಎಂಟು ಬೆರಳಿನ ರೊಟ್ಟಿ ಎಂದೂ ಪೂರ್ತಿ ದುಂಡಗಾಗುವುದಿಲ್ಲ.

"ಸಾಕು ಮಾಡು ನೀಲಾ. ನಾಳಿಂದ ಸುಮ್ಮ ನಿಂದರು. ಕೆಂಪು ಬಂದ್ರ ಬರಲಿ."

"ಹದಿನೇಳು ದಿನ ಉಳದಾವ ಅತ್ತಿ. ಬರೇ ಹದಿನೇಳು. ಕಾಯಂ ಆಗ್ಲಿ, ಆಮ್ಯಾಲ ಗುಬ್ಬಿಗೂ ಅಂಜತೀನಿ, ಸೊಳ್ಳಿಗೂ ಅಂಜತೀನಿ. ನೀವು ಹಲ್ಲುಪುಡಿ ಡಬ್ಬಿ ತೆರದ್ರೂ ಅಂಜತೀನಿ."

"ಚಾಷ್ಟಿ ಅಲ್ಲಿದು."

"ಕಲಿಸಿದವ್ರು ನೀವು. ಈಗ ಬಿಡು ಅಂದ್ರ ಹ್ಯಾಂಗ ಬಿಡ್ಲಿ?"

ತಂಗೆವ್ವ ಮತ್ತೆರಡು ಸಲ ಮಹಡಿ ಹತ್ತಿದಳು. ಒಂದು ಸಲ ಕಡಪಟ್ಟಿ ಮೀಟಿಂಗಿನಲ್ಲಿದ್ದ. ಇನ್ನೊಂದು ಸಲ, "ಬರದು ಕೊಡವಾ, ಮ್ಯಾಲ ಕಳಸ್ತೇನಿ," ಎಂದ. ಬರೆದು ಕೊಟ್ಟಳು. 'ಬೋರ್ಡಿನಿಂದ ಕೈಗೆ ಅಪಾಯ ಇದೆ' ಎಂದು ಒಂದೇ ಸಾಲು, ಕೆಳಗೆ ಸಹಿ. ಅದು ಅವನ ಟ್ರೇಯಲ್ಲಿ ಬಿದ್ದಿರುವುದನ್ನು ದಿನವೂ ಗಾಜಿನ ಹೊರಗಿನಿಂದ ನೋಡುತ್ತಿದ್ದಳು.

ಆರು ದಿನ ಉಳಿದಿರುವಾಗ, ಮಧ್ಯಾಹ್ನ ಮೂರೂವರೆಗೆ, ತಂಗೆವ್ವ ಬಳೆಗಳ ಪಟ್ಟಿ ಒರೆಸುತ್ತ ಕೂತಿದ್ದಳು. ಹನ್ನೊಂದು ಪ್ರೆಸ್ಸುಗಳ ಸದ್ದಿನಲ್ಲಿ ಒಂದು ಸದ್ದು ಮಾತ್ರ ಬೇರೆಯಾಗಿ ಕೇಳಿತು. ತಗಡು ಒತ್ತಿದ ಸದ್ದಲ್ಲ, ಮೆತ್ತಗಿನದು. ಇಪ್ಪತ್ತೇಳು ವರ್ಷದಲ್ಲಿ ಆ ಸದ್ದನ್ನು ಅವಳು ಎಷ್ಟು ಸಲ ಕೇಳಿದ್ದಳೋ. ಕೂಗು ಬರುವ ಮೊದಲೇ ಎದ್ದು ಓಡಿದಳು.

ಬಲಗೈಯ ನಡುಬೆರಳು, ಉಂಗುರಬೆರಳು. ಎರಡೂ ಮೊದಲ ಗಿಣ್ಣಿನವರೆಗೆ.

ಆಂಬುಲೆನ್ಸಿನಲ್ಲಿ ನೀಲವ್ವ ಅಳಲಿಲ್ಲ. "ಅದು ಬರೂದು ಕಂಡಿತ್ರೀ ಅತ್ತಿ, ಕಂಡಿತ್ತು," ಎಂದು ಅಷ್ಟನ್ನೇ ಮತ್ತೆ ಮತ್ತೆ ಹೇಳಿದಳು.

ಹತ್ತನೆಯ ದಿನ ಗಾಜಿನ ಕೋಣೆಯಲ್ಲಿ ವಿಚಾರಣೆ. ಬೆಂಗಳೂರಿನ ಹೆಡ್ಡಾಫೀಸಿನಿಂದ ಸುರಕ್ಷತಾ ಅಧಿಕಾರಿಯೊಬ್ಬರು ಬಂದಿದ್ದರು. ಕಡಪಟ್ಟಿ, ಅನಘಾ, ತಂಗೆವ್ವ, ಕೈಗೆ ದಪ್ಪ ಬ್ಯಾಂಡೇಜಿನ ನೀಲವ್ವ. ಪರದೆಯ ಮೇಲೆ ಒಂದೇ ರೇಖೆ.

"ಇದು ಘಟನೆಗೆ ಮುಂಚಿನ ಎರಡು ಸೆಕೆಂಡು," ಎಂದರು ಅಧಿಕಾರಿ. ಕೆಟ್ಟ ಮನುಷ್ಯರೇನಲ್ಲ, ದನಿ ಮೆತ್ತಗಿತ್ತು. "ನೋಡಿ, ಸಮ ಇದೆ. ಭಯ ದಾಖಲಾಗಿಲ್ಲ. ಭಯ ಆಗಿದ್ದಿದ್ರೆ ಮಷೀನ್ ನಿಲ್ತಿತ್ತು. ಅಂದ್ರೆ ಇವರ ಗಮನ ಕೆಲಸದ ಮೇಲೆ ಇರಲಿಲ್ಲ. ನಾನು ಅಜಾಗರೂಕತೆ ಅಂತಲೇ ಬರೀಬೇಕಾಗುತ್ತೆ."

ಅಜಾಗರೂಕತೆ ಎಂದು ಬರೆದರೆ ಕಾಯಂ ಇಲ್ಲ, ಪ್ಯಾಕಿಂಗೂ ಇಲ್ಲ. ನೀಲವ್ವ ರೇಖೆಯನ್ನೇ ದಿಟ್ಟಿಸಿದಳು. ತನ್ನ ಜೀವ ಬಾಯಿಗೆ ಬಂದ ಆ ಎರಡು ಸೆಕೆಂಡು ಅಲ್ಲಿ ನೆಲ ಒರೆಸಿದಷ್ಟು ಚೊಕ್ಕಟವಾಗಿ ಮಲಗಿತ್ತು.

ತಂಗೆವ್ವ ಎದ್ದು ನಿಂತಳು. "ಸಾಹೇಬ್ರ, ಹಳೇ ಐದು ನಿಮಿಷದ ತಾಳೆ ಇದ್ದ ಎರಡು ಬಳಿ ತಂದೀನಿ. ಹತ್ತು ನಿಮಿಷ ಕೊಡ್ರಿ."

ಒಂದು ಬಳೆ ಕಟ್ಟಿಕೊಂಡು, ಕುರ್ಚಿಯಲ್ಲಿ ಒರಗಿ ಐದು ನಿಮಿಷ ಸುಮ್ಮನೆ ಕೂತಳು. ಇನ್ನೊಂದನ್ನು ಅದೇ ಕೈಗೆ, ಅದರ ಕೆಳಗೆ ಕಟ್ಟಿಕೊಂಡು, ಮೇಜಿನ ಕಾಲಿಗೆ ಹಿಮ್ಮಡಿ ಒತ್ತಿ ಐದು ನಿಮಿಷ ಕೂತಳು. ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಅನಘಾಳಿಗೆ, "ಬಾಯಾರ, ನನ್ನ ಹಿಂದ ನಿಂತು ಏನರೆ ಬಡೀರಿ. ಯಾವಾಗ ಅಂತ ಹೇಳಬ್ಯಾಡ್ರಿ," ಎಂದಳು.

ಅನಘಾ ಸ್ಟೀಲಿನ ಟ್ರೇಯನ್ನು ನೆಲಕ್ಕೆ ಬಿಟ್ಟಳು. ಎಲ್ಲರೂ ಬೆಚ್ಚಿದರು. ಪರದೆಯ ಮೇಲೆ ಒಂದು ರೇಖೆ ಗುಡ್ಡದ ಹಾಗೆ ಎದ್ದಿತು. ಕೆಳಗಿನದು ಮಿಸುಕಲಿಲ್ಲ.

"ಒಂದ ಕೈ," ಎಂದಳು ತಂಗೆವ್ವ. "ಒಂದ ಅಂಜಿಕಿ. ಈ ವಿದ್ಯಾ ಕಲಿಸಿದಾಕಿ ನಾನು. ಎಲ್ಲಾರಿಗೂ ನಾನ ಕಲಿಸೀನಿ."

ಅಧಿಕಾರಿ ಕನ್ನಡಕ ತೆಗೆದರು. "ಸುರಕ್ಷತಾ ಸಾಧನವನ್ನು ನೀವೇ ಕೆಡಿಸಿದ್ರಿ ಅಂತ ಒಪ್ಕೊಳ್ತಿದ್ದೀರಾ?"

"ಅವರು ನನಗ ಮೊದಲ ಹೇಳಿದ್ರು," ಅನಘಾ ತಲೆಯೆತ್ತದೆ ಹೇಳಿದಳು. "ಲ್ಯಾಬಿಗೆ ಬಂದು ಹೇಳಿದ್ರು. ನಾ ಬರೀಲಿಲ್ಲ."

"ಕಡಪಟ್ಟಿಯವರೇ, ನಿಮಗೆ?"

ಕಡಪಟ್ಟಿ ತನ್ನ ಟ್ರೇಯನ್ನು ನೋಡಿದ. ಅದರಲ್ಲಿ ಬಹಳ ಕಾಗದಗಳಿದ್ದವು. "ಏನೋ ಒಂದ್ ಸಲ... ಬೋರ್ಡ್ ಬಗ್ಗೆ ಹೇಳಿದಂಗಿತ್ರಿ."

ಆಗ ನೀಲವ್ವ ಬಾಯಿ ತೆಗೆದಳು. ಅಷ್ಟು ದಿನ ಅತ್ತೆಯೊಡನೆ ನೆಟ್ಟಗೆ ಮಾತಾಡಿರಲಿಲ್ಲ.

"ಎಲ್ಲಾ ನೀವ ಮಾಡಿದ್ರಿ ಅನಬ್ಯಾಡ್ರಿ ಅತ್ತಿ. ಹಿಮ್ಮಡಿ ನಂದು. ನೀವು ಬಿಡು ಅಂದ್ರೂ ಒತ್ತೀನಿ ನಾನು." ಅಧಿಕಾರಿಯತ್ತ ತಿರುಗಿದಳು. "ಸಾಹೇಬ್ರ, ಇವ್ರು ಕಲಿಸಿದ್ರು. ನಾನು ಒತ್ತಿದೆ. ಆದ್ರ ಒತ್ತು ಒತ್ತು ಅಂತ ದಿನಾ ಕೆಂಪ್ ಕಣ್ಣು ಬಿಟ್ಟು ಹೇಳಿದ್ದು ಬಾಗಲ ಮ್ಯಾಲ ತೂಗಬಿಟ್ಟೀರಲ್ಲ, ಅದು. ಅದರ ಹೆಸರು ಎಲ್ಲಿ ಬರೀತೀರಿ?"

ಅಧಿಕಾರಿ ಕಾಗದದ ಮೇಲೆ ಪೆನ್ನು ಓಡಿಸಿ ಹುಡುಕಿದರು. "ಈ ನಮೂನೆಯಲ್ಲಿ ಅದಕ್ಕೆ ಜಾಗ ಇಲ್ಲಮ್ಮ," ಎಂದರು. ಸುಳ್ಳು ಹೇಳುತ್ತಿರಲಿಲ್ಲ. ಕಾಗದವನ್ನು ತಿರುಗಿಸಿ ತೋರಿಸಿದರು. ಕಾರ್ಮಿಕರ ಲೋಪ, ಸಾಧನದ ಲೋಪ, ಮೇಲ್ವಿಚಾರಣೆಯ ಲೋಪ. ಮೂರೇ ಚೌಕ.

ವರದಿ ಬಂತು. ನೀಲವ್ವನ ಹೆಸರಿನ ಮುಂದೆ ಅಜಾಗರೂಕತೆ ಎಂಬ ಮಾತಿರಲಿಲ್ಲ. ಗುರುತು ಮೂರನೆಯ ಚೌಕದಲ್ಲಿತ್ತು, ಪಕ್ಕದಲ್ಲಿ ತಂಗೆವ್ವನ ಹೆಸರು. ಎರಡು ತಿಂಗಳ ಮೇಲೆ ಅವಳ ಸೇವೆ ಮುಗಿಯುತ್ತದೆ. ದಿನಾಪೂರ್ತಿ ಅಳೆಯುವುದು ರದ್ದಾಗಿ ಐದು ನಿಮಿಷದ ತಾಳೆ ಮರಳಿತು. ನೀಲವ್ವ ಗುಣವಾಗಿ ಬಂದು ಉಳಿದ ಆರು ದಿನ ಪ್ರೆಸ್ಸಿನ ಮೇಲೆ ಪೂರೈಸಿದರೆ ಕಾಯಂ. ಬೋರ್ಡಿನ ಬಗ್ಗೆ ಒಂದು ಸಾಲು ಇತ್ತು: ಅದನ್ನು ಎಲ್ಲರಿಗೂ ಕಾಣುವಂತೆ ಇನ್ನಷ್ಟು ಕೆಳಗೆ ಅಳವಡಿಸಬಹುದು.

ತಂಗೆವ್ವ ಆ ಸಾಲನ್ನು ಮೂರು ಸಲ ಓದಿ, ಕಾಗದ ಮಡಚಿ, ರೊಟ್ಟಿಬುಟ್ಟಿಯ ಕೆಳಗಿಟ್ಟಳು. ಬೈಯಲಿಕ್ಕೂ ಎದುರಿಗೆ ಒಂದು ಮುಖ ಬೇಕು.

ಏಳನೆಯ ವಾರ ನೀಲವ್ವ ಕೆಲಸಕ್ಕೆ ಬಂದಳು. ಗಾಯ ಮಾಗಿತ್ತು, ಬೆರಳ ತುದಿಗಳು ಎಳೆಗೆಂಪಗೆ ಹೊಳೆಯುತ್ತಿದ್ದವು. ಬೆಂಚಿನ ತುದಿಯಲ್ಲಿ ಕೂತು ಕೈ ಚಾಚಿದಳು. ತಂಗೆವ್ವ ಬಳೆ ಕಟ್ಟುವಾಗ ಪಟ್ಟಿ ತಾಕಿದ್ದಕ್ಕೇ ಆ ಮುಂಗೈ ಹಿಂದೆ ಸರಿಯಿತು. ಈ ಕೈ ಇನ್ನು ಪ್ರತಿ ಏಟಿಗೂ ಬೆಚ್ಚುತ್ತದೆ. ಹಿಮ್ಮಡಿ ಒತ್ತದಿದ್ದರೆ ಇವತ್ತೇ ಕೆಂಪು, ಮೂರನೆಯ ದಿನ ಪ್ಯಾಕಿಂಗ್. ಒತ್ತಿದರೆ ಆರು ದಿನದಲ್ಲಿ ಕಾಯಂ, ಉಳಿದ ಎಂಟು ಬೆರಳು ದೇವರ ಪಾಲಿಗೆ.

ಅವಳು ಬಳೆಯ ಪಟ್ಟಿ ಬಿಗಿದು ಕೈ ಹಿಂದೆಗೆದಳು.

ನೀಲವ್ವ ಚಪ್ಪಲಿ ಬಿಟ್ಟಳು. ಎರಡೂ ಕಾಲನ್ನು ಮೇಲೆತ್ತಿ, ಊಟಕ್ಕೆ ಕೂತ ಹಾಗೆ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ, ಅಂಗೈ ಬಿಚ್ಚಿ ಹಲಗೆಯ ಮೇಲಿಟ್ಟಳು.

ಪಕ್ಕದಲ್ಲಿದ್ದ ಶಮೀಮ್‌ಬಾನು ಅವಳ ಕಾಲು ನೋಡಿದಳು, ಬೆರಳು ನೋಡಿದಳು. "ಆ ಕಡೆ ಸರದು ಕುಂದರು. ಕುಂಡಿ ಹಿಡಿಸಬೇಕಲ್ಲ ನಂದು," ಎಂದು ತಾನೂ ಕಾಲು ಮೇಲೆತ್ತಿದಳು. ಅವಳಾಚೆ ಇನ್ನೊಬ್ಬಳು. ಬೆಂಚಿನ ಉದ್ದಕ್ಕೂ ಚಪ್ಪಲಿಗಳು ಕೆಳಗೆ ಉದುರಿದವು. ಬಳೆಗಳೆಲ್ಲ ಅಂದು ಬಹಳ ದಿನದ ಮೇಲೆ ನಿಜವನ್ನು ಕಲಿತವು.

ಆ ದಿನ ಪ್ರೆಸ್ ಶಾಪಿನಲ್ಲಿ ಕೆಲಸ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ನೀಲವ್ವನ ಪ್ರೆಸ್ಸು ಮೊದಲ ತಾಸಿನಲ್ಲೇ ನಲವತ್ತು ಸಲ ನಿಂತಿತು. ಅದು ಟಕ್ಕೆಂದು ನಿಂತ ಸದ್ದಿಗೆ ಪಕ್ಕದ್ದು ನಿಂತಿತು, ಅದಕ್ಕೆ ಇನ್ನೊಂದು. ಹೊತ್ತು ಇಳಿಯುವುದರೊಳಗೆ ಹನ್ನೊಂದೂ ಹೆಸರು ಕೆಂಪಾದವು. ಎರಡನೆಯ ದಿನವೂ ಅದೇ. ಮೂರನೆಯ ದಿನ ಊಟದ ಗಂಟೆಗೆ ಮುಂಚೆ ಕಡಪಟ್ಟಿ ಮಹಡಿಯಿಂದ ಇಳಿದು ಬಂದ. ಅವನ ಕೈಯಲ್ಲಿ ಪ್ಯಾಕಿಂಗಿಗೆ ಕಳಿಸುವವರ ಪಟ್ಟಿ ಇತ್ತು. ಅದು ಶಾಪಿನ ಹಾಜರಿ ಪಟ್ಟಿಯೇ ಆಗಿತ್ತು.

"ಏನವಾ ಇದು ತಂಗೆವ್ವಾ? ಹನ್ನೊಂದೂ ಕೆಂಪು! ಯಾರನ್ನಂತ ಕಳಸಲಿ ನಾನು?"

"ಎಲ್ಲಾರನೂ ಕಳಸ್ರಿ ಸಾಹೇಬ್ರ," ಶಮೀಮ್‌ಬಾನು ಅಂದಳು. "ಮುಚ್ಚಳ ನೀವ ಒತ್ರಿ. ಬಳಿ ತಂಗೆಕ್ಕ ಕಟ್ಟತಾಳ."

ತಂಗೆವ್ವ ನಿಜವಾಗಿಯೂ ಒಂದು ಬಳೆ ಎತ್ತಿಕೊಂಡು ಅವನ ಮುಂದೆ ಹಿಡಿದಳು. ತಮಾಷೆಗಲ್ಲ. ಅವಳಿಗೆ ತಮಾಷೆ ಮುಗಿದು ಬಹಳ ದಿನವಾಗಿತ್ತು. ಕಡಪಟ್ಟಿ ಬಳೆಯನ್ನು ನೋಡಿದ, ತೆರೆದ ಅಚ್ಚನ್ನು ನೋಡಿದ. ಕಾಗದ ಹಿಡಿದ ಕೈ ಬೆನ್ನ ಹಿಂದೆ ಹೋಯಿತು.

ಅವನು ಬೋರ್ಡಿನ ಹತ್ತಿರ ಹೋಗಿ ಸ್ವಿಚ್ಚು ಹುಡುಕಿದ. ಇರಲಿಲ್ಲ. ಯಾರಿಗೋ ಫೋನು ಮಾಡಿದ; ಅವರು ಇನ್ನೊಬ್ಬರ ನಂಬರು ಕೊಟ್ಟರು, ಆ ಇನ್ನೊಬ್ಬರು ಕಾಲೇಜಿನವರನ್ನು ಕೇಳಿ ಎಂದರು. ಕಡೆಗೆ ಮುಚ್ಚಳ ತುಂಬುವ ಗೋಣಿಚೀಲ ಒಂದನ್ನು ತರಿಸಿ, ಸ್ಟೂಲು ಹತ್ತಿ, ತಾನೇ ಬೋರ್ಡಿನ ಮೇಲೆ ಹೊದಿಸಿ ಎರಡು ಕಡೆ ತಂತಿ ಬಿಗಿದ.

"ಯಾರೂ ಎಲ್ಲಿಗೂ ಹೋಗೂದ ಬ್ಯಾಡ. ನಡೀರಿ, ಕೆಲಸ ಮಾಡ್ರಿ," ಎಂದು ಯಾರ ಮುಖವನ್ನೂ ನೋಡದೆ ಮಹಡಿ ಹತ್ತಿದ.

ಗೋಣಿಯ ಎಳೆಗಳ ಸಂದಿಯಿಂದ ಕೆಂಪು ಬೆಳಕು ಕಾಣುತ್ತಲೇ ಇತ್ತು. ಒಳಗೆ ಅಂಕಿಗಳು ಏರುತ್ತಿವೆ, ತಂತಿಯೊಳಗೆ ಎಲ್ಲಿಗೋ ಹೋಗುತ್ತಿವೆ, ಎಲ್ಲೋ ಯಾರೋ ಅದಕ್ಕೆ ಇನ್ನೊಂದು ದಾರಿ ಹುಡುಕುತ್ತಾರೆ ಎಂದು ತಂಗೆವ್ವನಿಗೆ ಗೊತ್ತಿತ್ತು. ಆಗ ಇಲ್ಲಿ ತಾನಿರುವುದಿಲ್ಲ.

ನೀಲವ್ವ ತಗಡು ಎತ್ತಿ ಅಚ್ಚಿನ ಮೇಲಿಟ್ಟಳು. ಮೇಲಿನದು ಇಳಿಯಿತು, ಅರ್ಧಕ್ಕೆ ನಿಂತಿತು. ಅವಳು ಕೈ ತೆಗೆದು, ಸೆರಗಿಗೆ ಒರೆಸಿಕೊಂಡು, ನಲವತ್ತು ಸೆಕೆಂಡು ಕಾದಳು. ಮತ್ತೆ ಇಟ್ಟಳು. ಮತ್ತೆ ನಿಂತಿತು.

"ಎಷ್ಟರೆ ಅಂಜತೀ ಬೇ," ಆ ಕಡೆಯಿಂದ ಶಮೀಮ್‌ಬಾನು ಕೂಗಿದಳು.

"ಇನ್ನೂ ಮೂರು ದಿನ ಹಿಂಗ ಅಂಜತೀನಿ," ಎಂದಳು ನೀಲವ್ವ. "ಆಮ್ಯಾಲೂ ಅಂಜತೀನಿ."